ಪರದೆಯ ಹಿಂದಿನ ಅಂಚೆಪೆಟ್ಟಿಗೆ

ತಾರೀಖು ಹನ್ನೊಂದು, ಸೋಮವಾರ ಬೆಳಿಗ್ಗೆ

ನನ್ನ ತುತ್ತೂರಿಗೆ,

ಅಮ್ಮನ ಆಶೀರ್ವಾದ. ಈ ಹೆಸರಿನಿಂದ ನಿನ್ನನ್ನು ಕರೆದು ಮೂವತ್ತು ವರ್ಷದ ಮೇಲಾಯಿತು. ನಿಮ್ಮಪ್ಪ ಇಟ್ಟ ಹೆಸರು, ಅವರ ಜೊತೆಗೇ ಹೋಯಿತು ಎಂದುಕೊಂಡಿದ್ದೆ. ಇವತ್ತು ಪೆನ್ನಿನ ಮುಚ್ಚಳ ತೆಗೆದು ಕೂತರೆ ಬೇರೆ ಯಾವ ಹೆಸರೂ ಕೈಗೆ ಹತ್ತಲಿಲ್ಲ. ನಾನು ಆರೋಗ್ಯವಾಗಿದ್ದೇನೆ. ಮಂಡಿ ತನ್ನ ಪಾಡಿಗೆ ತಾನು ನೋಯುತ್ತದೆ, ನಾನು ನನ್ನ ಪಾಡಿಗೆ ನಡೆಯುತ್ತೇನೆ. ನಿನ್ನ ಅಂಗಡಿಯಿಂದ ಕಳಿಸಿದ ಹೊಸ ಕನ್ನಡಕದಲ್ಲಿ ಅಕ್ಷರಗಳು ಎಷ್ಟು ದಪ್ಪ ಕಾಣುತ್ತವೆ ಎಂದರೆ, ಸುಳ್ಳು ಬರೆದರೆ ಅಲ್ಲೇ ಸಿಕ್ಕಿಬೀಳುತ್ತೇನೆ.

ನಿನ್ನ ಲಕೋಟೆ ಶನಿವಾರ ಬಂತು. ಆಹ್ವಾನ ಪತ್ರಿಕೆ, ಅದರ ಜೊತೆ ನಿನ್ನ ಲೇಖನವಿರುವ ಆ ಪುಟ್ಟ ನೆನಪಿನ ಪುಸ್ತಕ. ನಮ್ಮ ಹಳೇ ಡ್ರೈವ್-ಇನ್ ಜಾಗದಲ್ಲಿ ಮನೆಗಳು ಏಳುವ ಮುಂಚೆ ಕೊನೆಯದಾಗಿ ಒಂದು ಸಿನಿಮಾ, ಇದೇ ಇಪ್ಪತ್ಮೂರರ ಶನಿವಾರ ಸಂಜೆ. ಮೊದಲಿನ ಹಾಗೇ ಬಯಲಿನಲ್ಲಿ ಕಾರಿನೊಳಗೇ ಕೂತು ನೋಡುವುದು, ನಲವತ್ತು ಕಾರುಗಳು. ಹಳೇ ಬಿಳಿ ಗೋಡೆಯೇ ಪರದೆ. ಮಕ್ಕಳಿಗೆಲ್ಲ ಗೋಡೆಯ ಬುಡದಲ್ಲಿ ಚಾಪೆ. ಸಿನಿಮಾ ಶುರುವಾಗುವ ಮೊದಲು ನಮ್ಮ ಗುಬ್ಬಿ ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತು, ನೀನು ಬರೆದ ಲೇಖನ ಓದುತ್ತಾಳೆ. ಮೊಮ್ಮಗಳು ಓದುವುದನ್ನು ಕೇಳಲು ಅಜ್ಜಿ ಬರಲೇಬೇಕು, ಬಂದು ಹಳೇ ಟಿಕೆಟ್ ಗೂಡಿನಲ್ಲಿ ಕೂರಬೇಕು, ಆಗದಿದ್ದರೆ ಎರಡು ಪುಟ ನೆನಪಾದರೂ ಬರೆದು ಕಳಿಸಬೇಕು ಎಂದು ನಿನ್ನ ಅಪ್ಪಣೆ.

ನೆನಪು ಬರೆಯುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಈ ಕಾರ್ಯಕ್ರಮ ಅಲ್ಲಿ ಬೇಡ ಮಗಳೇ. ಹುಲ್ಲು ಸೊಂಟದೆತ್ತರ ಬೆಳೆದಿರುತ್ತದೆ, ಹಾವು ಗೀವು ಇರುತ್ತವೆ. ಸಂಜೆಯ ತಂಡಿ ಗುಬ್ಬಿಯ ಎದೆಗೆ ಆಗುವುದಿಲ್ಲ. ಹಳೇ ವೈರುಗಳು ನೆಲದೊಳಗೆ ಎಲ್ಲೆಲ್ಲಿ ಹಾದು ಹೋಗಿವೆಯೋ ಯಾರಿಗೂ ಗೊತ್ತಿಲ್ಲ. ಬೇಕಾದರೆ ಯಾವುದಾದರೂ ಸಭಾಂಗಣದಲ್ಲಿ ಇಟ್ಟುಕೊಳ್ಳಿ, ನಾನು ಮುಂದಿನ ಕುರ್ಚಿಯಲ್ಲೇ ಕೂರುತ್ತೇನೆ.

ನಿನ್ನ ಲೇಖನ ಮೂರು ಸಲ ಓದಿದೆ. ‘ಪರದೆಯ ಹಿಂದಿನ ಅಂಚೆಪೆಟ್ಟಿಗೆ’ ಎಂಬ ಹೆಸರು ಚೆನ್ನಾಗಿದೆ. ಕಾರಿನ ಡಿಕ್ಕಿಯಲ್ಲಿ ಅಡಗಿ ಒಳಗೆ ಬರುವವರನ್ನು ಅಮ್ಮ ಹೇಗೆ ಹಿಡಿಯುತ್ತಿದ್ದಳೋ ಇವತ್ತಿಗೂ ಗೊತ್ತಿಲ್ಲ ಎಂದು ಬರೆದಿದ್ದೀ. ಅದರಲ್ಲಿ ಮಂತ್ರ ಏನೂ ಇಲ್ಲ, ಹಿಂದಿನ ಚಕ್ರ ಎಷ್ಟು ಕುಗ್ಗಿದೆ ಎಂದು ನೋಡುತ್ತಿದ್ದೆ. ಡಿಕ್ಕಿಯ ಮೇಲೆ ಎರಡು ಸಲ ತಟ್ಟಿ, ಒಳಗಿರೋರು ಆರಾಮಾಗಿದ್ದೀರಾ, ಕಾಲು ನೀಡ್ಕೊಳ್ಳೋಕೆ ಜಾಗ ಇದೆಯಾ ಎಂದು ಕೇಳುತ್ತಿದ್ದೆ. ಒಂದು ಸಲ ಒಳಗಿನಿಂದ, ಇದೆ ಅಕ್ಕಾ, ಎಂದು ಉತ್ತರವೇ ಬಂತು. ಅವನ ಮರ್ಯಾದೆಗೆ ಮೆಚ್ಚಿ ಹಾಗೇ ಬಿಟ್ಟೆ.

ನಿಮ್ಮಪ್ಪ ಬಯಲಿನ ನಡುವಿನ ಆ ಗಿಡ್ಡ ಕೋಣೆಯಲ್ಲಿ, ಎರಡು ಪ್ರೊಜೆಕ್ಟರುಗಳ ಮಧ್ಯೆ ಬನಿಯನ್ನಿನಲ್ಲಿ ನಿಂತಿರುತ್ತಿದ್ದರು. ಒಂದು ರೀಲು ಮುಗಿಯುವ ಮುಂಚೆ ಚಿತ್ರದ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದಲ್ಲ, ಅದಕ್ಕೆ ಕಣ್ಣು ನೆಟ್ಟು ಕಾಯುವುದು. ಚುಕ್ಕೆ ಕಂಡಾಕ್ಷಣ ಇನ್ನೊಂದು ಯಂತ್ರ ಶುರು. ನೋಡುವವರಿಗೆ ರೀಲು ಬದಲಾದದ್ದೇ ಗೊತ್ತಾಗುತ್ತಿರಲಿಲ್ಲ. ಚಿತ್ರದಲ್ಲಿ ಒಂದು ಗೀರು ಕಂಡರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಸರಿ ಇಲ್ಲದ್ದನ್ನ ಜನಕ್ಕೆ ತೋರಿಸಬಾರದು ಕಣೇ ಎನ್ನುತ್ತಿದ್ದರು. ಒಂದು ಸಂಜೆ ಯಂತ್ರದ ದೀಪ ಸರಿಯಿಲ್ಲ ಎಂದು ಅರವತ್ತು ಕಾರುಗಳನ್ನು ವಾಪಸು ಕಳಿಸಿದರು. ಮಾಲೀಕರು ಮುಖ ಗಂಟಿಕ್ಕಿಕೊಂಡು ಎದುರಿಗೇ ನಿಂತಿದ್ದರೂ ಜಗ್ಗಲಿಲ್ಲ.

ಹಗಲು ಹೊತ್ತು ಬಯಲೆಲ್ಲ ನಿನ್ನದು. ಸಾಲು ಸಾಲು ಕಂಬಗಳಿಗೆ ನೇತುಹಾಕಿದ ಸ್ಪೀಕರ್ ಪೆಟ್ಟಿಗೆಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ನೋಡುವುದು ನಿನ್ನ ಕೆಲಸ. ಯಾವುದು ದನಿ ಕಳೆದುಕೊಂಡಿದೆಯೋ ಅದರ ನಂಬರನ್ನು ಕೊನೆಯ ಸಾಲಿನಿಂದ ಕೂಗಿ ಹೇಳುತ್ತಿದ್ದೆ. ಗೇಟಿನ ಬಳಿ ಟಿಕೆಟ್ ಗೂಡಿನಲ್ಲಿ ಕೂತ ನನಗೂ, ರಸ್ತೆಯಾಚೆಯ ಸೈಕಲ್ ರಿಪೇರಿಯವರಿಗೂ ಕೇಳಿಸುತ್ತಿತ್ತು. ಅವರು ತಾವೂ ನಂಬರು ಬರೆದಿಟ್ಟುಕೊಂಡು ನಿನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ಅದಕ್ಕೇ ನಿಮ್ಮಪ್ಪ ತುತ್ತೂರಿ ಎಂದದ್ದು.

ಮುಂದಿನ ಸಾಲುಗಳ ಬಗ್ಗೆಯೂ ಬರೆದಿದ್ದೀ. ಅಪ್ಪ ತೀರಿಕೊಂಡ ಮೇಲೆ ಡ್ರೈವ್-ಇನ್ ನಡೆದ ನಾಲ್ಕು ವರ್ಷವೂ ಅಮ್ಮ ಮುಂದಿನ ಎರಡು ಸಾಲಿಗೆ ಯಾರನ್ನೂ ಬಿಡಲಿಲ್ಲ, ದೊಡ್ಡ ಮನುಷ್ಯರಿಗೆ ಕಾದಿರಿಸಿದೆ ಎನ್ನುತ್ತಿದ್ದಳು, ಆ ದೊಡ್ಡ ಮನುಷ್ಯರು ಒಂದು ದಿನವೂ ಬರಲಿಲ್ಲ ಎಂದು. ಓದಿದವರು ನಗುತ್ತಾರೆ. ನನಗೆ ನಗು ಬರಲಿಲ್ಲ. ನೀನು ಚಾಪೆ ಹಾಸುತ್ತಿರುವುದು ಅದೇ ಎರಡು ಸಾಲಿನಲ್ಲಿ.

ಆಮೇಲೆ ನಿನ್ನ ಅಂಚೆಪೆಟ್ಟಿಗೆ. ಗೋಡೆಯ ಹಿಂಬದಿಯಲ್ಲಿ, ಎಡಗಡೆಯ ಆಸರೆ ಕಂಬ ಗೋಡೆಯನ್ನು ಸೇರುವ ಕಡೆ ಒಂದು ಸೀಳು. ನಿನಗೆ ಆರು ವರ್ಷವಿದ್ದಾಗ ಅದರಲ್ಲಿ ಹರಿದ ಟಿಕೆಟ್ ಚೂರು ಮಾತ್ರ ತೂರುತ್ತಿತ್ತು. ಎಂಟಕ್ಕೆ, ಮಡಿಸಿದ ಕಾಗದ. ಹತ್ತಕ್ಕೆ, ಮಣಿಕಟ್ಟಿನವರೆಗೆ ಕೈ. ದೊಡ್ಡವಳಾದ ಹಾಗೆ ಧೈರ್ಯ ಬಂತು, ಕೈ ಹಾಕಿದೆ ಎಂದು ಬರೆದಿದ್ದೀ. ಪರದೆಯ ಮೇಲೆ ಕಾಣುವ ಆ ದೊಡ್ಡ ಮುಖದವರು ಹಗಲು ಹೊತ್ತು ಗೋಡೆಯೊಳಗೆ ಮಲಗಿರುತ್ತಾರೆ ಎಂದು ನೀನು ನಂಬಿ ಅವರಿಗೆ ಕಾಗದ ಬರೆದು ಹಾಕುತ್ತಿದ್ದೆ. ಎರಡು ದಿನಕ್ಕೆ ಅದೇ ಸೀಳಿನಲ್ಲಿ ಉತ್ತರ ಸಿಗುತ್ತಿತ್ತು, ನೀಲಿ ಪೆನ್ಸಿಲ್ಲಿನಲ್ಲಿ, ಸೊಟ್ಟ ಅಕ್ಷರದಲ್ಲಿ. ಬರೆಯುತ್ತಿದ್ದವರು ಅಪ್ಪನೇ ಇರಬೇಕು, ಅವರು ಹೋದ ಮೇಲೆ ಒಂದು ಉತ್ತರವೂ ಬರಲಿಲ್ಲ ಎಂದಿದ್ದೀ. ಕೊನೆಯ ಉತ್ತರದಲ್ಲಿ ಏನಿತ್ತು ಎಂದು ಬರೆಯಲಾರೆ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದು ಲೇಖನ ಮುಗಿಸಿದ್ದೀ.

ಒಲೆಯ ಮೇಲೆ ಹಾಲಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಮಂಗಳವಾರ, ಮಧ್ಯಾಹ್ನ

ನಿನ್ನೆ ಇಷ್ಟಕ್ಕೇ ಸಹಿ ಹಾಕಿ ಅಂಚೆಗೆ ಹಾಕುವವಳಿದ್ದೆ. ಸಂಜೆ ಫೋನು ಮಾಡಿದ್ದು ಆ ಸಭಾಂಗಣದ ಮಾತು ಎತ್ತಲು. ನೀನು ಬಹಳ ಖುಷಿಯಲ್ಲಿದ್ದೆ. ಬಯಲಿನಲ್ಲೇ ಇದ್ದೇನೆ ಎಂದೆ. ಅಳಿಯಂದಿರು ಕೆಲಸಕ್ಕೆ ರಜೆ ಹಾಕಿ ಏಣಿಯ ಮೇಲೆ ನಿಂತಿದ್ದಾರೆ, ಗೋಡೆಗೆ ಬಿಳಿ ಬಳಿದು ಅರ್ಧ ಮುಗಿದಿದೆ, ಬಿರುಕಿಗೆಲ್ಲ ಸಿಮೆಂಟು ಮೆತ್ತಿದ್ದಾರೆ ಎಂದೆ. ಮುಂದಿನಿಂದ ನೋಡಿದ್ರೆ ಏನೂ ಗೊತ್ತಾಗಲ್ಲಮ್ಮ ಎಂದೆ. ಗುಬ್ಬಿ ಹಿಂದುಗಡೆ ಹೋಗಿ ನಿನ್ನ ಅಂಚೆಪೆಟ್ಟಿಗೆಯಲ್ಲಿ ಭುಜದವರೆಗೆ ತೋಳು ತೂರಿಸಿದಳಂತೆ, ಒಳಗೆ ತಣ್ಣನೆ ಗಾಳಿ ಬರುತ್ತದಂತೆ. ನಾನು ನಡುವೆ ಬಾಯಿ ಹಾಕಿದೆ. ಅವರನ್ನು ಏಣಿಯಿಂದ ಇಳಿಸು, ಈಗಲೇ ಇಳಿಸು ಎಂದೆ. ನೀನು, ಹೆದರ್ಬೇಡಮ್ಮ, ನಾನು ಅವರನ್ನ ಕರೆಯಲ್ಲ ಎಂದೆ.

ನಗುತ್ತಲೇ ಹೇಳಿದೆ. ಮೂವತ್ತು ವರ್ಷ ನಾವಿಬ್ಬರೂ ಆಡದೆ ಉಳಿಸಿಕೊಂಡಿದ್ದ ಮಾತು ಅದು. ಫೋನು ಇಟ್ಟು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ. ಆಮೇಲೆ ಅಳಿಯಂದಿರ ನಂಬರಿಗೇ ಮಾಡಿದೆ. ಪಾಪ, ಗೋಡೆ ಗಟ್ಟಿಯಾಗೇ ಇದೆ ಅತ್ತೆ ಎಂದರು. ನಾನು ಬಿಡಲಿಲ್ಲ, ಕಾರಣ ಕಾಗದದಲ್ಲಿ ಬರೆಯುತ್ತೇನೆ ಎಂದೆ. ನಿಮ್ಮ ಕಾಗದ ಬಂದು ಕೈ ಸೇರೋವರೆಗೂ ನಾವ್ಯಾರೂ ಆ ಕಡೆ ಹೋಗಲ್ಲ, ಆಯ್ತಾ ಎಂದು ಮಾತು ಕೊಟ್ಟು ಏಣಿ ಇಳಿದರು. ಫೋನಿನಲ್ಲೇ ಎಲ್ಲವನ್ನೂ ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ. ಅವತ್ತು ಸರಾಗವಾಗಿ ಹೊರಳಿದ ನಾಲಿಗೆಯೇ ಇದು.

ನೀನು ಯಾರನ್ನೂ ದೂರದಿಂದ ಕರೆಯುವುದಿಲ್ಲ. ನಾನು ನೋಡಿದ್ದೇನೆ. ಗುಬ್ಬಿ ರಸ್ತೆಯ ಕಡೆ ಓಡಿದರೂ ಕೂಗದೆ, ಹಿಂದಿನಿಂದ ಓಡಿ ಹೋಗಿ ಭುಜ ಮುಟ್ಟುತ್ತೀ. ಗಿರಾಕಿ ಅಂಗಡಿಯಲ್ಲಿ ಕೊಡೆ ಮರೆತು ಹೋದರೆ, ಬೀದಿಯ ಕೊನೆಯವರೆಗೆ ನಡೆದು ಎದುರಿಗೆ ಹೋಗಿ ನಿಂತು ಕೊಡುತ್ತೀ. ನಿನ್ನ ಗಂಡ ನಿನ್ನ ಮೆತ್ತನೆಯ ಮಾತನ್ನು ಎಲ್ಲರೆದುರು ಹೊಗಳುತ್ತಾರೆ. ಬಯಲು ದಾಟಿ ಕೇಳುತ್ತಿದ್ದ ಗಂಟಲನ್ನು ಯಾರು ಕಟ್ಟಿದರು ಎಂದು ಅವರಿಗೆ ಗೊತ್ತಿಲ್ಲ. ನಾನು ಕಟ್ಟಿದೆ.

ಇನ್ನು ಸುತ್ತಿ ಬಳಸುವುದಿಲ್ಲ. ನಿನ್ನ ಕೈಗೆ ಧೈರ್ಯ ಬಂದದ್ದಲ್ಲ ಮಗಳೇ, ಸೀಳು ಅಗಲವಾದದ್ದು. ಗೋಡೆ ಆಸರೆಯ ಕಂಬದಿಂದ ಬಿಡಿಸಿಕೊಂಡು ಮುಂದಕ್ಕೆ, ಕಾರುಗಳ ಕಡೆಗೆ ವಾಲುತ್ತಿತ್ತು. ಪ್ರತಿ ವರ್ಷ ಮಳೆ ನಿಂತ ಮೇಲೆ ನಾನು ಟಿಕೆಟ್ ಪುಸ್ತಕವನ್ನು ಅದರಲ್ಲಿ ತೂರಿಸಿ, ಎಷ್ಟು ಹಾಳೆ ಹಿಡಿಸುತ್ತದೆ ಎಂದು ನೋಡುತ್ತಿದ್ದೆ. ಮೊದಲ ವರ್ಷ ಐದು ಹಾಳೆ. ಆಮೇಲೆ ಅರ್ಧ ಪುಸ್ತಕ. ನಿನಗೆ ಹತ್ತು ತುಂಬಿದ ವರ್ಷ ಇಡೀ ಪುಸ್ತಕ ಒಳಗೆ ಹೋಗಿ, ಕೈ ಬಿಟ್ಟಾಗ ಕೆಳಗೆ ಬಿದ್ದ ಸದ್ದು ಕೇಳಿಸಿತು.

ಮಾಲೀಕರಿಗೆ ಹೇಳಿದೆ. ಅವರು ಹಿಂದುಗಡೆಗೆ ಬರಲೇ ಇಲ್ಲ. ಬಯಲಿನಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು, ಮುಂದಿನಿಂದ ನೋಡಿದ್ರೆ ಏನೂ ಗೊತ್ತಾಗಲ್ಲವಲ್ಲಮ್ಮ ಎಂದರು. ನಿನ್ನೆ ನಿನ್ನ ಬಾಯಲ್ಲಿ ಬಂದ ಮಾತೇ ಅದು. ಊರ ಕಚೇರಿಯವರ ಕಿವಿಗೆ ಬಿದ್ದರೆ ಗೇಟಿಗೆ ಬೀಗ, ಆಮೇಲೆ ನೀವು ಮೂರು ಜನ ಎಲ್ಲಿಗೆ ಹೋಗ್ತೀರಿ ಎಂದರು. ಟಿಕೆಟ್ ಗೂಡಿನ ಹಿಂದಿನ ಆ ಒಂದು ಕೋಣೆ ನಮಗೆ ಕೆಲಸದ ಜೊತೆಗೆ ಸಿಕ್ಕಿದ್ದು. ಅದನ್ನು ಬಿಟ್ಟರೆ ತಲೆಯ ಮೇಲೆ ಸೂರಿರಲಿಲ್ಲ. ನಿಮ್ಮಪ್ಪನಿಗೆ ತಿಳಿಸಬೇಡ ಎಂದು ಮಾಲೀಕರು ಹೇಳಲಿಲ್ಲ. ಅದನ್ನು ನಾನೇ ತೀರ್ಮಾನಿಸಿದೆ. ದೀಪ ಸರಿಯಿಲ್ಲವೆಂದು ಅರವತ್ತು ಕಾರು ವಾಪಸು ಕಳಿಸಿದವರು, ಆ ಸೀಳು ನೋಡಿದ್ದರೆ ಗೇಟಿಗೆ ತಾವೇ ಬೀಗ ಹಾಕಿ ಕೀಲಿಕೈ ಎಸೆಯುತ್ತಿದ್ದರು. ಗೋಡೆಯ ಹಿಂಬದಿ ನನ್ನ ಬಟ್ಟೆ ಒಣಗಿಸುವ ತಂತಿಯ ಜಾಗ. ಅವರು ಅಲ್ಲಿಗೆ ಬರುವುದೇ ಅಪರೂಪ, ಬಂದರೂ ಕಾಣದಿರಲಿ ಎಂದು ಆ ಮೂಲೆಯಲ್ಲಿ ಸದಾ ಒಂದು ಹೊದಿಕೆ ನೇತುಹಾಕಿರುತ್ತಿದ್ದೆ. ನಿನ್ನ ಲೇಖನದಲ್ಲಿ ಅದು ಅಂಚೆ ಕಚೇರಿಯ ಪರದೆಯಾಗಿದೆ. ಮುಂಬದಿಯಲ್ಲಿ ಕೂದಲೆಳೆಯಷ್ಟು ಗೆರೆಗಳು ಮೂಡುತ್ತಿದ್ದವು. ಹಳೇ ಗಾರೆ ಎಂದರೆ ಹೀಗೇ ಎಂದುಕೊಂಡು ಅವರು ಪ್ರತಿ ವರ್ಷ ಆ ಗೆರೆಗಳಿಗೆ ಗಾರೆ ಮೆತ್ತಿ, ಬಿಳಿ ಬಳಿಯುತ್ತಿದ್ದರು.

ನಿಮ್ಮಪ್ಪ ಹೋದ ಆ ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರು ಏಣಿಯ ಮೇಲೆ ನಿಂತು, ಬಳಿಯುವ ಮುಂಚೆ ಗೋಡೆ ತೊಳೆಯುತ್ತಿದ್ದರು. ಟೀ ಆಯಿತೆಂದು ಹೇಳಲು ನಿನ್ನನ್ನು ಕಳಿಸಿದವಳು ನಾನು. ನೀನು 'ಅಪ್ಪಾ, ಟೀ' ಎಂದು ಬಯಲಿನ ಮಧ್ಯದಿಂದಲೇ ಕೂಗಿದೆ. ಅವರು ತಿರುಗಿ ನೋಡಿ, ಬಂದೆ ಕಣೇ ತುತ್ತೂರಿ ಎಂದರು. ನೀನು ಮನೆಗೆ ಓಡಿದೆ. ನಿನಗೆ ಗೊತ್ತಿರುವುದು ಇಷ್ಟು. ನಿನ್ನ ಬೆನ್ನ ಹಿಂದೆ ಆದದ್ದನ್ನು ನಾನು ಟಿಕೆಟ್ ಗೂಡಿನ ಕಿಟಕಿಯಿಂದ ನೋಡಿದೆ. ಅವರು ಮತ್ತೆ ಗೋಡೆಯ ಕಡೆ ತಿರುಗಿದರು. ಬಕೆಟ್ಟಿನಲ್ಲಿ ಬ್ರಶ್ಶು ಅದ್ದಿದರು. ಇನ್ನೂ ಮೂರು ಮೆಟ್ಟಿಲು ಮೇಲೆ ಹತ್ತಿದರು. ಎರಡು ಪಟ್ಟಿ ತೊಳೆದರು. ಆಗ ಒಣ ಕಟ್ಟಿಗೆ ಮುರಿದ ಹಾಗೆ ಗೋಡೆಯೊಳಗೆ ಒಂದು ಸದ್ದಾಯಿತು. ಬಾಗಿಲಿನಷ್ಟು ದೊಡ್ಡ ಗಾರೆಯ ತುಂಡು ಗೋಡೆ ಬಿಟ್ಟು ಬಂತು, ಏಣಿಯನ್ನೂ ಅವರನ್ನೂ ತಳ್ಳಿಕೊಂಡು ಕೆಳಗೆ ಬಿತ್ತು. ನೀನು ಆ ಹೊತ್ತಿಗೆ ಮನೆಯೊಳಗೆ ಲೋಟ ಜೋಡಿಸುತ್ತಿದ್ದೆ.

ಮೂರನೆಯ ದಿನ ವಿಚಾರಣೆಯವರು ಬಂದರು. ಅಷ್ಟರಲ್ಲಿ ಬಿದ್ದ ಗಾರೆಯನ್ನು ಎತ್ತಿಸಿ, ಹೊಸದು ಬಳಿಸಿಯಾಗಿತ್ತು. ಮಾಲೀಕರ ಕೋಣೆಯಲ್ಲಿ ನನ್ನನ್ನು ಕೂರಿಸಿದರು, ನಿನ್ನನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲೆ. ಹೇಗಾಯಿತು ಎಂದು ಕೇಳಿದಾಗ ಮಾಲೀಕರು ನನ್ನ ಮುಖ ನೋಡಲಿಲ್ಲ, ಕಿಟಕಿಯಾಚೆ ನಮ್ಮ ಕೋಣೆಯ ಬಾಗಿಲು ನೋಡಿದರು. ನಾನು ಹೇಳಿದೆ, ಮಗು ಕರೀತು, ತಿರುಗಿ ನೋಡಿದ್ರು, ಕಾಲು ಜಾರ್ತು. ಇದ್ದದ್ದು ಮೂರು ಮಾತು. ಅದರಲ್ಲಿ ಎರಡು ನಿಜ. ಹೊರಗೆ ನಿನ್ನ ಸ್ಟೂಲು ಕಿರುಗುಟ್ಟಿದ್ದು ನನಗೆ ಕೇಳಿಸಿತು. ಎದ್ದು ಬಂದು ನಿನ್ನ ಕೈ ಹಿಡಿದುಕೊಂಡು ನಮ್ಮ ಕೋಣೆಗೆ ನಡೆದೆ. ನೀನು ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಕೋಣೆ ನಮಗೇ ಉಳಿಯಿತು.

ದೊಡ್ಡವಳಾದ ಮೇಲೆ ಹೇಳೋಣ ಎಂದುಕೊಂಡೆ. ನೀನು ದೊಡ್ಡವಳಾದೆ. ಮದುವೆಯ ಹಿಂದಿನ ದಿನ ಹೇಳೋಣ ಎಂದುಕೊಂಡೆ. ಗುಬ್ಬಿ ಹುಟ್ಟಿದಾಗ ಆಸ್ಪತ್ರೆಯಲ್ಲಿ ನಿನ್ನ ತಲೆ ಬಾಚುತ್ತಾ ಬಾಯಿ ತೆರೆದೆ, ನೀನು ನಗುತ್ತಿದ್ದೆ, ಮುಚ್ಚಿಕೊಂಡೆ. ನಿನ್ನ ಮೌನದಿಂದ ನನಗೆ ಅನುಕೂಲವಿತ್ತು, ಅದಕ್ಕೇ ಅದನ್ನು ಒಳ್ಳೆಯ ಗುಣ ಎಂದು ಹೊಗಳಿಕೊಂಡು ಬಂದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಆ ನಾಲ್ಕು ವರ್ಷ ಗೂಡಿನಲ್ಲಿ ಕೂತು ಪ್ರತಿ ಸಂಜೆ ಗೋಡೆ ನೋಡಿದೆ, ಸಿನಿಮಾ ನೋಡಲಿಲ್ಲ. ಗಾಳಿ ಎದ್ದರೆ ಟಿಕೆಟ್ ಹರಿಯುವ ಕೈ ನಿಲ್ಲುತ್ತಿತ್ತು. ಗೋಡೆ ಬಿದ್ದರೆ ಎಲ್ಲಿಯವರೆಗೆ ಬರುತ್ತದೆ ಎಂದು ಹೆಜ್ಜೆ ಹಾಕಿ ಅಳೆದಿದ್ದೆ. ಎರಡನೆಯ ಸಾಲಿನ ಕಂಬಗಳವರೆಗೆ. ನೀನು ತಮಾಷೆ ಮಾಡಿದ ದೊಡ್ಡ ಮನುಷ್ಯರ ಜಾಗ ಅದು. ಆಮೇಲೆ ಡ್ರೈವ್-ಇನ್ ಮುಚ್ಚಿತು, ಮಾಲೀಕರೂ ತೀರಿಕೊಂಡರು, ಬಯಲಿಗೆ ಬೇಲಿ ಬಿತ್ತು. ಇನ್ನು ಗೋಡೆ ತಾನಾಗಿ ಬಿದ್ದರೂ ಅದರ ಕೆಳಗೆ ಯಾರೂ ಇರುವುದಿಲ್ಲ ಎಂದು ನಿಶ್ಚಿಂತೆಯಾಗಿದ್ದೆ. ಅಷ್ಟರಲ್ಲಿ ನಿನ್ನ ಲಕೋಟೆ ಬಂತು.

ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿದ್ದೆ. ನಿಮ್ಮ ಊರಿನ ಕಟ್ಟಡಗಳ ಅಧಿಕಾರಿಗೆ ರಿಜಿಸ್ಟರ್ ಕಾಗದ ಹಾಕಿ ಬಂದೆ. ಗೋಡೆಯ ಸ್ಥಿತಿ, ಸೀಳಿನ ಜಾಗ, ನಿಮ್ಮಪ್ಪ ಸತ್ತದ್ದು ಹೇಗೆ, ವಿಚಾರಣೆಯಲ್ಲಿ ಸುಳ್ಳು ಹೇಳಿದವಳು ಯಾರು ಎಲ್ಲವನ್ನೂ ಬರೆದು ಸಹಿ ಹಾಕಿದ್ದೇನೆ. ಅವರು ಬಂದು ನಿಮ್ಮ ಕಾರ್ಯಕ್ರಮ ನಿಲ್ಲಿಸುತ್ತಾರೆ. ನಿನ್ನ ಸ್ನೇಹಿತರಿಗೆ ಬೇಸರವಾಗುತ್ತದೆ. ನನ್ನನ್ನು ಕರೆಸಿದರೆ ಹೋಗುತ್ತೇನೆ. ನೀನು ಇನ್ನು ನನ್ನ ಮುಖ ನೋಡುವುದಿಲ್ಲ ಎಂದರೆ, ಅದೂ ಸರಿಯೇ. ಅಳಿಯಂದಿರಿಗೆ, ಗುಬ್ಬಿಗೆ ನನ್ನ ಆಶೀರ್ವಾದ ತಿಳಿಸು. ಗುಬ್ಬಿಯನ್ನು ಆ ಗೋಡೆಯ ಹತ್ತಿರ ಬಿಡಬೇಡ.

ಇತಿ,
ನಿನ್ನ ಗಂಟಲು ಕಟ್ಟಿದ
ಅಮ್ಮ

ಮತ್ತೆ ಬರೆಯುವುದು: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಹೊಸ ಕನ್ನಡಕ ಬಿಡಲಿಲ್ಲ. ಜೊತೆಗಿರುವ ಹಳದಿ ಚೀಟಿ ನಿನ್ನದೇ, ನೀನು ಪೆಟ್ಟಿಗೆಗೆ ಹಾಕಿದ ಕೊನೆಯ ಕಾಗದ. ‘ಪರದೆಯವರೇ, ಗಾಳಿ ಬಂದಾಗ ನಿಮ್ಮ ಮನೆಯ ಬಾಗಿಲು ಟಕ್ ಟಕ್ ಅನ್ನುತ್ತದೆ. ನಾನು ಕಿವಿ ಇಟ್ಟು ಕೇಳಿದೆ. ಅಪ್ಪನಿಗೆ ಹೇಳಿದರೆ ಎಣ್ಣೆ ಹಾಕುತ್ತಾರೆ. ಹೇಳಲಾ?’ ಎಂದು ಬರೆದಿದ್ದೀ. ಅದು ನನ್ನ ಕೈಗೆ ಸಿಕ್ಕಿದ್ದು ಆ ಶುಕ್ರವಾರದ ಹಿಂದಿನ ಬುಧವಾರ. ಉತ್ತರಗಳನ್ನು ಬರೆಯುತ್ತಿದ್ದವರು ಅಪ್ಪ ಅಲ್ಲ ಮಗಳೇ. ನಿನಗೆ ಗುರುತು ಸಿಗಬಾರದೆಂದು ಟಿಕೆಟ್ ಗೂಡಿನ ನೀಲಿ ಪೆನ್ಸಿಲ್ಲಿನಲ್ಲಿ, ಎಡಗೈಯಲ್ಲಿ ಬರೆಯುತ್ತಿದ್ದೆ. ಯಾರಿಗೂ ಹೇಳಬೇಡ, ಅಪ್ಪನಿಗಂತೂ ಬೇಡವೇ ಬೇಡ ಎಂದು ಬರೆದ ಕೈ ಇದೇ. ನೀನು ಮಾತು ಉಳಿಸಿಕೊಂಡೆ. ಈಗ ಹೇಳು. ಬಯಲಿನ ಕೊನೆಯ ಸಾಲಿಗೂ ಕೇಳಿಸುವ ಹಾಗೆ ಹೇಳು.